ಬೆಂಗಳೂರು ಗಾಲ್ಫ್ ಪ್ರವಾಸ: ಸದಸ್ಯರ ಗಮನಕ್ಕೆ

ಮಾನ್ಯ ಸದಸ್ಯರೇ,

ಗುರುವಾರ ರಾತ್ರಿ ಬೆಳಗಾವಿಯಿಂದ ರೈಲಿನಲ್ಲಿ ಹೊರಟು ಶುಕ್ರವಾರ ಬೆಳಗ್ಗೆ ಬೆಂಗಳೂರು ತಲುಪುತ್ತೇವೆ. ಅಂದು ಆಟವಿಲ್ಲ. ಪ್ರಯಾಣದ ದಣಿವಿನಲ್ಲಿ ಹದಿನೆಂಟು ಕುಳಿಗಳನ್ನು ಆಡುವುದು, ಅಂದರೆ ನಾಲ್ಕು ಗಂಟೆಗೂ ಹೆಚ್ಚು ಕಾಲ ಬಿಸಿಲಿನಲ್ಲಿ ನಡೆಯುವುದು, ನಮ್ಮಲ್ಲಿನ ಹಿರಿಯರಿಗೆ ಕಷ್ಟವಾಗುತ್ತದೆ ಎಂಬುದೇ ಇದಕ್ಕೆ ಕಾರಣ. 1924ರಲ್ಲಿ ಆರಂಭವಾದ ಎಂಟಿಆರ್‌ನ ಲಾಲ್‌ಬಾಗ್ ರಸ್ತೆಯ ಹೋಟೆಲಿನಲ್ಲಿ ಊಟ ಮಾಡಿ ವಿಶ್ರಾಂತಿ ಪಡೆಯೋಣ.

ಶನಿವಾರ ನಸುಕಿನಲ್ಲಿ 1876ರಷ್ಟು ಹಳೆಯದಾದ ಬೆಂಗಳೂರು ಗಾಲ್ಫ್ ಕ್ಲಬ್ಬಿನಲ್ಲಿ ಆಡಬೇಕೆಂಬುದು ನನ್ನ ಬಹುದಿನದ ಆಸೆ. ಅತಿಥಿಗಳಿಗೆ ಅಲ್ಲಿನ ಅನುಮತಿ ದೊರೆತ ಬಳಿಕವೇ ಟಿಕೆಟ್ ಕಾಯ್ದಿರಿಸುತ್ತೇನೆ. ಕಾಲರ್ ಇರುವ ಅಂಗಿ, ಹ್ಯಾಂಡಿಕ್ಯಾಪ್ ಪ್ರಮಾಣಪತ್ರ (ಗಾಲ್ಫ್‌ನಲ್ಲಿ ನಿಮ್ಮ ಆಟದ ಮಟ್ಟವನ್ನು ತಿಳಿಸುವ ಪತ್ರ) ಮರೆಯಬೇಡಿ.

ಸಂಜೆ ಚರ್ಚ್ ಸ್ಟ್ರೀಟ್ ಅಥವಾ ಇಂದಿರಾನಗರದ ನೂರಡಿ ರಸ್ತೆ. ಮದ್ಯ ಸೇವಿಸುವವರು ವಾಹನ ಚಲಾಯಿಸದೆ ಟ್ಯಾಕ್ಸಿಯಲ್ಲೇ ಮರಳಬೇಕೆಂದು ಕಳಕಳಿಯಿಂದ ಕೋರುತ್ತೇನೆ. ಭಾನುವಾರ ರಾತ್ರಿಯ ರೈಲಿಗೆ ಊರಿಗೆ ಹೊರಡುತ್ತೇವೆ. ಬರುವವರು ಬುಧವಾರದೊಳಗೆ ಇಲ್ಲಿಯೇ ತಿಳಿಸಿರಿ.