ಮಂಡಗದ್ದೆಯಲ್ಲಿ ಇಳಿದುಹೋದ ಅಮ್ಮನವರಿಗೆ

ಕಳೆದ ಮಳೆಗಾಲದಲ್ಲಿ ನಮ್ಮ ತಂದೆಯವರು ಅಂಗಳದ ಹಾವಸೆಯ ಮೇಲೆ ಜಾರಿ, ತುಳಸಿಕಟ್ಟೆಯ ಅಂಚಿಗೆ ತಲೆ ಬಡಿಸಿಕೊಂಡರು. ಅಡಕೆ ಗಾತ್ರದ ಊತ ಬಿಟ್ಟರೆ ಬೇರೇನೂ ಕಾಣದ್ದರಿಂದ, ಅರಿಶಿನ ಹಚ್ಚಿಕೊಂಡು ನನ್ನೊಡನೆ ತೀರ್ಥಹಳ್ಳಿಯಿಂದ ಶಿವಮೊಗ್ಗದ ಬಸ್ಸು ಹತ್ತಿಯೇಬಿಟ್ಟರು (ಮದುವೆಯೂಟ ತಪ್ಪಿಸಿಕೊಳ್ಳುವವರಲ್ಲ ಅವರು). ಚಿಲ್ಲರೆಗೆಂದು ಜೇಬು ತಡಕಾಡಿದಾಗ ಕೆಳಗೆ ಬಿದ್ದ ವಾರ್ಫರಿನ್ ಮಾತ್ರೆಯ ಪಟ್ಟಿಯನ್ನು ಎತ್ತಿಕೊಟ್ಟ ತಾವು, ಅವರ ಹಣೆಯನ್ನೊಮ್ಮೆ ನೋಡಿ, "ಯಜಮಾನರೇ, ಮದುವೆಮನೆಗಿಂತ ಮೊದಲು ಆಸ್ಪತ್ರೆಗೆ ಹೋಗಿ" ಎಂದಿರಿ. ರಕ್ತ ಹೆಪ್ಪುಗಟ್ಟದಂತೆ ಇಂಥ ಮಾತ್ರೆ ತೆಗೆದುಕೊಳ್ಳುವವರಿಗೆ ಹೊರಗೆ ಗಾಯವಿಲ್ಲದಿದ್ದರೂ ತಲೆಬುರುಡೆಯೊಳಗೆ ರಕ್ತ ನಿಧಾನವಾಗಿ ಜಿನುಗಬಹುದು, ವಾಂತಿ ಅಥವಾ ಮಂಪರು ಬರಲೆಂದು ಕಾಯದೆ ಸಿ.ಟಿ. ಸ್ಕ್ಯಾನ್ ಮಾಡಿಸಬೇಕು, ಆದರೆ ತಂದೆಯವರ ಹೃದಯದಲ್ಲಿ ಕೃತಕ ಕವಾಟವಿರುವುದರಿಂದ, ರಕ್ತಸ್ರಾವಕ್ಕೆ ಹೆದರಿ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು ಎಂದು ತಾವು ತಾಳ್ಮೆಯಿಂದ ತಿಳಿಸಿದಿರಿ. ಶಿವಮೊಗ್ಗದಲ್ಲಿ ನೋಡಿದಾಗ, 2.5ರಿಂದ 3.5ರೊಳಗೆ ಇರಬೇಕಾಗಿದ್ದ ಅವರ ಐ.ಎನ್.ಆರ್. (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆಂಬುದರ ಅಳತೆ) 5 ದಾಟಿತ್ತು, ಮೆದುಳಿನ ಮೇಲ್ಪದರದಲ್ಲಿ ತೆಳುವಾದ ರಕ್ತಸ್ರಾವವೂ ಇತ್ತು. ವಿಟಮಿನ್ ಕೆ ಕೊಟ್ಟು, ಮತ್ತೊಮ್ಮೆ ಸ್ಕ್ಯಾನ್ ಮಾಡಿ, ಐದನೆಯ ದಿನ ಮನೆಗೆ ಕಳುಹಿಸಿದರು. ತಾವು ದಾದಿಯರೋ ವೈದ್ಯರೋ ಎಂದು ಕೇಳುವಷ್ಟರಲ್ಲಿ ಮಂಡಗದ್ದೆ ಬಂದು, ಕೊಡೆ ಬಿಚ್ಚಿ ಇಳಿದುಹೋಗಿದ್ದಿರಿ. ತಮಗೆ ನಮ್ಮ ಮನೆಯವರೆಲ್ಲರ ಕೃತಜ್ಞತಾಪೂರ್ವಕ ನಮಸ್ಕಾರಗಳು.