ವಿಮಾನದ ಭಾಗಗಳ ಪಾಠ: ಚಿಕ್ಕಬಳ್ಳಾಪುರ ವಿಜ್ಞಾನ ಶಿಕ್ಷಕ ಬಳಗಕ್ಕೆ ಸೂಚನೆ

ಬಳಗದ ಎಲ್ಲರಿಗೂ ನಮಸ್ಕಾರ.

ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣ ಸಮೀಪದಲ್ಲೇ ಇರುವುದರಿಂದ ನಂದಿಬೆಟ್ಟದ ಸುತ್ತಲಿನ ಶಾಲೆಗಳ ಮಕ್ಕಳಿಗೆ ವಿಮಾನ ಅಪರೂಪದ ವಸ್ತುವಲ್ಲ. ಆದರೂ ಅದನ್ನು ಮೇಲಕ್ಕೆತ್ತುವುದು ಎಂಜಿನ್ ಎಂದೇ ಹೆಚ್ಚಿನವರು ಭಾವಿಸಿರುತ್ತಾರೆ. ಎಂಜಿನ್ ಮುಂದಕ್ಕೆ ತಳ್ಳುತ್ತದೆ, ಎತ್ತುವುದು ರೆಕ್ಕೆ.

ಮುಂದಂಚು ತುಸು ಮೇಲೆದ್ದಿರುವ ರೆಕ್ಕೆಯು ವೇಗವಾಗಿ ಸಾಗುವಾಗ ಗಾಳಿಯನ್ನು ಕೆಳಕ್ಕೆ ತಿರುಗಿಸುತ್ತದೆ. ಆಗ ರೆಕ್ಕೆಯ ಮೇಲ್ಭಾಗದಲ್ಲಿ ಒತ್ತಡ ಕಡಿಮೆಯಾಗಿ, ಕೆಳಭಾಗದಲ್ಲಿ ಹೆಚ್ಚಾಗಿ, ವಿಮಾನಕ್ಕೆ ಮೇಲ್ಮುಖ ಬಲ ದೊರೆಯುತ್ತದೆ. ಮೇಲಿನ ಗಾಳಿಯೂ ಕೆಳಗಿನ ಗಾಳಿಯೂ ಹಿಂದಂಚನ್ನು ಏಕಕಾಲಕ್ಕೆ ತಲುಪಬೇಕೆಂಬ ವಿವರಣೆ ಹಲವೆಡೆ ಅಚ್ಚಾಗಿದ್ದರೂ ಅದು ತಪ್ಪು. ವಾಸ್ತವದಲ್ಲಿ ಮೇಲಿನ ಗಾಳಿ ಮೊದಲೇ ತಲುಪುತ್ತದೆ. ದಯವಿಟ್ಟು ಹಳೆಯ ವಿವರಣೆಯನ್ನು ಕಲಿಸಬೇಡಿ. ಮಗುವಿನ ಮನಸ್ಸಿನಲ್ಲಿ ಒಮ್ಮೆ ಕೂತ ತಪ್ಪನ್ನು ತೆಗೆಯುವುದು ಬಹಳ ಕಷ್ಟ.

ರೆಕ್ಕೆಯ ಹಿಂದಂಚಿನಲ್ಲಿ, ಒಡಲಿನ ಕಡೆಗಿರುವ ಫ್ಲ್ಯಾಪ್‌ಗಳೆಂಬ ಚಲಿಸುವ ಹಲಗೆಗಳು ವಿಮಾನ ಇಳಿಯುವಾಗ ಕೆಳಕ್ಕೆ ಚಾಚಿ, ಕಡಿಮೆ ವೇಗದಲ್ಲೂ ಸಾಕಷ್ಟು ಬಲ ಒದಗಿಸುತ್ತವೆ. ತುದಿಯ ಕಡೆಗಿರುವ ಏಲೆರಾನ್‌ಗಳಲ್ಲಿ ಒಂದು ಮೇಲೆದ್ದಾಗ ಇನ್ನೊಂದು ಕೆಳಗಿಳಿದು ವಿಮಾನವನ್ನು ಪಕ್ಕಕ್ಕೆ ವಾಲಿಸುತ್ತವೆ. ತಿರುವು ಮುಖ್ಯವಾಗಿ ಈ ವಾಲುವಿಕೆಯಿಂದಲೇ ಆಗುತ್ತದೆ. ಪ್ರಯಾಣಿಕ ವಿಮಾನಗಳ ಇಂಧನದ ಬಹುಪಾಲು ಇರುವುದೂ ರೆಕ್ಕೆಯೊಳಗೇ ಎಂಬುದನ್ನು ಹೇಳಲು ಮರೆಯದಿರಿ.

ಬಾಲದ ಅಡ್ಡ ಹಲಗೆಯಲ್ಲಿರುವ ಎಲಿವೇಟರ್ ಮೂತಿಯನ್ನು ಮೇಲೆ ಕೆಳಗೆ ಮಾಡುತ್ತದೆ. ನೆಟ್ಟಗಿನ ಹಲಗೆಯಲ್ಲಿರುವ ರಡ್ಡರ್ ಮೂತಿಯನ್ನು ಎಡಬಲಕ್ಕೆ ಹೊರಳಿಸುತ್ತದೆ. ಒಡಲು, ಕಾಕ್‌ಪಿಟ್, ಚಕ್ರಗಳನ್ನು ಚಿತ್ರದಲ್ಲಿ ತೋರಿಸಿದರೆ ಸಾಕು.

ಪ್ರತಿ ಮಗುವಿನಿಂದಲೂ ಕಾಗದದ ವಿಮಾನ ಮಾಡಿಸಿ, ಹಿಂದಂಚನ್ನು ಸ್ವಲ್ಪ ಮೇಲಕ್ಕೆ ಮಡಿಸಿ ಹಾರಿಸಿ, ಮೂತಿ ಏಕೆ ಮೇಲೇಳುತ್ತದೆಂದು ಅವರಿಂದಲೇ ಹೇಳಿಸಬೇಕಾಗಿ ವಿನಂತಿ.