ಮಕ್ಕಳ ಫುಟ್‌ಬಾಲ್: ರೆಫ್ರಿಗೆ ಹತ್ತು ನಿಮಿಷ ಕೊಡಿ

ಮಾನ್ಯ ಸಂಪಾದಕರೇ,

ಬೇಸಿಗೆ ರಜೆ ಬಂತೆಂದರೆ ಬೆಂಗಳೂರಿನಲ್ಲಿ ಭಾನುವಾರಕ್ಕೊಂದು ಮಕ್ಕಳ ಫುಟ್‌ಬಾಲ್ ಟೂರ್ನಿ. ಅಂಡರ್ 8, ಅಂಡರ್ 10, ಅಂಡರ್ 12 ಎಲ್ಲವೂ ಒಂದೇ ದಿನದಲ್ಲಿ ಮುಗಿಯಬೇಕು. ಸಂಜೆಗೆ ಕಪ್ ಕೊಟ್ಟು ಫೋಟೊ ತೆಗೆಸಬೇಕು. ಶಾಲೆಯಲ್ಲಿ ಪಿ.ಟಿ. ಮೇಷ್ಟ್ರಾಗಿದ್ದ ನಾನು ಅಂತರಶಾಲಾ ಪಂದ್ಯಗಳಿಗೆ ವಿಷಲ್ ಹಿಡಿದವನು. ಈಗ ಮೊಮ್ಮಗಳ ಕಿಟ್ ಬ್ಯಾಗ್ ಹೊತ್ತುಕೊಂಡು ಇಂಥ ಟೂರ್ನಿಗಳಿಗೆ ಹೋಗುತ್ತೇನೆ.

ಹೋದ ತಿಂಗಳು ಊರಾಚೆಯ ಒಂದು ಟರ್ಫ್‌ನಲ್ಲಿ ಒಂದು ಮ್ಯಾಚಿಗೂ ಇನ್ನೊಂದಕ್ಕೂ ನಡುವೆ ಬಿಡುವೇ ಇರಲಿಲ್ಲ. ಒಂದು ತಂಡ ಹೊರಗೆ ಬರುತ್ತಿದ್ದಂತೆ ಇನ್ನೊಂದು ಒಳಗೆ. ರೆಫ್ರಿ ಕಾಲೇಜು ಹುಡುಗ, ಬೆಳಗ್ಗೆಯಿಂದ ಅವನೊಬ್ಬನೇ. ಪಾಪ, ನೀರು ಕುಡಿಯೋಕೂ ಪುರುಸೊತ್ತಿಲ್ಲ. ಗೋಲು ಅಂದರೆ ಗೋಲುಕಂಬದ ಚೌಕಟ್ಟು, ಬೇಕಾದ ಕಡೆ ಎತ್ತಿಡುವಂಥದ್ದು, ಕಬ್ಬಿಣದ ಪೈಪಿನದು. ಹಿಂದಿನ ಪೈಪಿನ ಮೇಲೆ ಇರಬೇಕಾದ ಮರಳು ಚೀಲಗಳು ಬೇಲಿ ಪಕ್ಕ ಬಿದ್ದಿದ್ದವು. ಬಾಲ್ ಆಚೆ ಕಡೆ ಇದ್ದಾಗಲೆಲ್ಲ ಗೋಲ್‌ಕೀಪರ್ ಹುಡುಗ ಮೇಲಿನ ಅಡ್ಡಪಟ್ಟಿ ಹಿಡಿದು ಜೋತಾಡುತ್ತಿದ್ದ. ಅವನು ಜೋತುಬಿದ್ದಾಗ ಹಿಂದಿನ ಪೈಪು ನೆಲ ಬಿಟ್ಟು ನಾಲ್ಕು ಬೆರಳು ಮೇಲೇಳುತ್ತಿತ್ತು. ನೋಡಲಾಗದೆ ನಾನೇ ಹೋಗಿ ಚೀಲ ಎಳೆದು ತಂದಿಟ್ಟೆ. "ಅಂಕಲ್, ಮ್ಯಾಚ್ ನಡೀತಿದೆ, ಹೊರಗೆ ಬನ್ನಿ" ಎಂದು ಮೈಕಿನಲ್ಲೇ ಹೇಳಿದರು.

ಗೋಲು ನೆಲಕ್ಕೆ ಭದ್ರವಾಗಿ ಕೂತಿರಬೇಕು ಎಂಬುದು ಫುಟ್‌ಬಾಲಿನ 17 ನಿಯಮಗಳಲ್ಲಿ ಮೊದಲನೆಯದರಲ್ಲೇ ಇದೆ. ಎತ್ತಿಡುವ ಗೋಲಿಗೂ ಅದೇ ಮಾತು. ಇಂಥ ಗೋಲು ಮಗುಚಿ ಮಕ್ಕಳು ಸತ್ತ ಘಟನೆಗಳು ಅಮೆರಿಕ, ಬ್ರಿಟನ್‌ನಲ್ಲಿ ಆಗಿವೆ. ಕಂಬ ಅಲ್ಲಾಡಿಸಿ ನೋಡಲು ಅರ್ಧ ನಿಮಿಷ ಸಾಕು. ಆದರೆ ಆ ರೆಫ್ರಿ ಹುಡುಗನಿಗೆ ಆ ಅರ್ಧ ನಿಮಿಷವನ್ನೂ ಯಾರೂ ಬಿಟ್ಟಿರಲಿಲ್ಲ.

ಒಡವೆ ಕಥೆ ಇನ್ನೊಂದು. ಓಲೆ, ಸರ, ಕಡಗ, ಕೈಗೆ ಹಾಕುವ ರಬ್ಬರ್ ಬ್ಯಾಂಡ್ ಯಾವುದೂ ಮೈಮೇಲೆ ಇರುವಂತಿಲ್ಲ. ಮೇಲೆ ಟೇಪ್ ಸುತ್ತಿದರೂ ನಿಯಮ ಒಪ್ಪುವುದಿಲ್ಲ. ನಮ್ಮಲ್ಲಿ ಟೇಪ್ ಹಾಕಿದರೆ ಮುಗೀತು ಅಂದುಕೊಂಡಿದ್ದಾರೆ. ಓಲೆ ಬಿಚ್ಚಿಸಿ ಅಂದರೆ "ಚಿನ್ನ ಕಳೆದುಹೋದ್ರೆ ನೀವು ಕೊಡ್ತೀರಾ?" ಎಂದು ಅಮ್ಮಂದಿರು ಜಗಳಕ್ಕೇ ಬರುತ್ತಾರೆ. ನನ್ನ ಸೊಸೆಯೂ ಬಂದಿದ್ದಳು, ಅದು ಬೇರೆ ಮಾತು. ಮೊಣಕಾಲ ಕೆಳಗೆ ಮುಂಭಾಗಕ್ಕೆ ಕಟ್ಟುವ ಶಿನ್‌ಗಾರ್ಡ್ ಇಲ್ಲದೆ ಇಳಿಯುವ ಮಕ್ಕಳಿಗಂತೂ ಲೆಕ್ಕವೇ ಇಲ್ಲ.

ನನ್ನನ್ನು ಜಾಸ್ತಿ ಕಾಡಿದ್ದು ಮಧ್ಯಾಹ್ನದ ಒಂದು ಮ್ಯಾಚು. ಕಾರ್ನರ್ ಕಿಕ್‌ಗೆ ಹಾರಿದ ಇಬ್ಬರು ಹುಡುಗರ ತಲೆ ಒಂದಕ್ಕೊಂದು ಬಡಿಯಿತು. ಒಬ್ಬ ಅಳುತ್ತಾ ಎದ್ದ. ಇನ್ನೊಬ್ಬ ಅಳಲೇ ಇಲ್ಲ, ಸುಮ್ನೆ ಕೂತುಬಿಟ್ಟ. ಕೋಚ್ ಗೆರೆಯಾಚೆಯಿಂದಲೇ "ಏನೂ ಆಗಿಲ್ಲ, ಏಳೋ" ಅಂದರು. ರೆಫ್ರಿ ಕೋಚ್ ಮುಖ ನೋಡಿದ, ವಾಚ್ ನೋಡಿದ, ಆಟ ಶುರು ಮಾಡಿಸಿದ. ಸ್ವಲ್ಪ ಹೊತ್ತಿಗೆ ಆ ಮಗು ಪಕ್ಕದವನನ್ನು ಕೇಳುತ್ತಿತ್ತು: "ನಾವು ಯಾವ ಕಡೆ ಹೊಡೀಬೇಕು?" ಮಿದುಳಿಗೆ ಪೆಟ್ಟಾಗಿರಬಹುದು ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಸೂಚನೆ ಬೇಕಾ? ಪ್ರಜ್ಞೆ ತಪ್ಪಲೇಬೇಕು ಅಂತೇನಿಲ್ಲ. ತಲೆಸುತ್ತು, ವಾಂತಿ, ಮಂಕು, ಮರೆವು, ಇದರಲ್ಲಿ ಒಂದು ಕಂಡರೂ ಮಗು ಅವತ್ತು ಮತ್ತೆ ಆಡಬಾರದು. ಡಾಕ್ಟರ್ ನೋಡಬೇಕು. ಆಟ ನಿಲ್ಲಿಸುವ ಅಧಿಕಾರ ರೆಫ್ರಿಯದು. ಕೋಚ್ ಒಪ್ಪಿಗೆ, ಅಪ್ಪನ ಒಪ್ಪಿಗೆ ಯಾವುದೂ ಅದಕ್ಕೆ ಬೇಕಿಲ್ಲ. ಕೊನೆಗೆ ಆ ಹುಡುಗನ ತಾಯಿಗೆ ನಾನು ಹೇಳಿದ ಮೇಲೆ ಅವರು ಆಸ್ಪತ್ರೆಗೆ ಕರೆದುಕೊಂಡು ಹೋದರು. ಅಮೆರಿಕದ ಫುಟ್‌ಬಾಲ್ ಸಂಸ್ಥೆ 10 ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳಿಗೆ ಹೆಡಿಂಗೇ (ತಲೆಯಿಂದ ಬಾಲ್ ಹೊಡೆಯುವುದೇ) ಬೇಡ ಎಂದು 2015ರಲ್ಲೇ ತೀರ್ಮಾನಿಸಿತು. 2020ರಲ್ಲಿ ಇಂಗ್ಲೆಂಡ್ ಪ್ರೈಮರಿ ಮಕ್ಕಳ ತರಬೇತಿಯಲ್ಲಿ ಅದನ್ನು ನಿಲ್ಲಿಸಿತು. ನಾವು ಆಡಿಸುವ ಮಕ್ಕಳ ಟೂರ್ನಿಗಳಲ್ಲಿ ಹೆಡಿಂಗ್ ಗೋಲಿಗೆ ಚಪ್ಪಾಳೆ ಜಾಸ್ತಿ.

ಆ ರೆಫ್ರಿ ಹುಡುಗನನ್ನು ಬೈಯಲು ನನಗೆ ಮನಸ್ಸಿಲ್ಲ. ಸುತ್ತ ಇಪ್ಪತ್ತು ಅಪ್ಪಂದಿರು "ಏ ರೆಫ್ರಿ, ಕಣ್ಣು ಕಾಣಲ್ವಾ" ಅಂತ ಕೂಗುತ್ತಿದ್ದರೆ ಅವನು ಯಾವ ಧೈರ್ಯದ ಮೇಲೆ ಆಟ ನಿಲ್ಲಿಸುತ್ತಾನೆ? ಕೆಲವು ಕಡೆ ಟೂರ್ನಿ ನಡೆಸುವ ಅಕಾಡೆಮಿಯ ಕೋಚೇ ರೆಫ್ರಿ. ಅವರ ತಂಡವೂ ಆಡುತ್ತಿರುತ್ತದೆ!

ಸಂಘಟಕರಲ್ಲಿ ನನ್ನ ಬೇಡಿಕೆ ಚಿಕ್ಕದು. ಎರಡು ಮ್ಯಾಚಿನ ನಡುವೆ ಹತ್ತು ನಿಮಿಷ ಬಿಡಿ. ಅಷ್ಟರಲ್ಲಿ ರೆಫ್ರಿ ಗೋಲು ಅಲ್ಲಾಡಿಸಿ ನೋಡಲಿ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಬೂಟು, ಶಿನ್‌ಗಾರ್ಡ್, ಕಿವಿ, ಕೈ ನೋಡಲಿ. ಪ್ರಥಮ ಚಿಕಿತ್ಸೆಯ ಡಬ್ಬಿ ಎಲ್ಲಿದೆ, ಆಸ್ಪತ್ರೆಗೆ ಹೋಗಲು ಗಾಡಿ ಯಾವುದು ಎಂದು ಕೇಳಿಕೊಳ್ಳಲಿ. ಏಪ್ರಿಲ್, ಮೇನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಶುರುವಾಗುತ್ತದೆ. ರಾಜ್ಯ ಸರ್ಕಾರದ 'ಸಿಡಿಲು' ಆ್ಯಪ್ ಯಾರಾದರೊಬ್ಬರ ಫೋನಿನಲ್ಲಿ ಇರಲಿ. ಗುಡುಗು ಕೇಳಿಸಿದರೆ ಮಕ್ಕಳು ಕಟ್ಟಡದ ಒಳಗಿರಬೇಕು, ಗೋಲುಕಂಬದ ಹತ್ತಿರ ಅಲ್ಲ. ಹೀಗೆ ಬಿಡುವು ಕೊಟ್ಟರೆ ದಿನಕ್ಕೆ ನಾಲ್ಕೈದು ಮ್ಯಾಚು ಕಡಿಮೆಯಾಗುತ್ತವೆ, ಎಂಟ್ರಿ ಫೀಸ್ ಕಡಿಮೆ ಬರುತ್ತದೆ, ನಿಜ. ಎರಡು ತಂಡ ಕಡಿಮೆ ಕರೆಯಿರಿ.

ತಂದೆತಾಯಂದಿರು ದುಡ್ಡು ಕಟ್ಟುವ ಮೊದಲೇ ಫೋನ್ ಮಾಡಿ ಕೇಳಲಿ: ರೆಫ್ರಿ ಯಾರು? ರೆಫ್ರಿ ಪರೀಕ್ಷೆ ಪಾಸಾಗಿದ್ದಾರಾ? ಎರಡು ಮ್ಯಾಚಿನ ನಡುವೆ ಎಷ್ಟು ಬಿಡುವು? "ಅದೆಲ್ಲಾ ನೋಡ್ಕೋತೀವಿ ಸಾರ್" ಅನ್ನುವ ಉತ್ತರ ಬಂದರೆ ಆ ಭಾನುವಾರ ಮಗುವನ್ನು ಕಬ್ಬನ್ ಪಾರ್ಕಿಗೆ ಕರೆದುಕೊಂಡು ಹೋಗಿ.

– ನಿವೃತ್ತ ದೈಹಿಕ ಶಿಕ್ಷಕ, ಹಲಸೂರು, ಬೆಂಗಳೂರು